ಬಯಲಿಗೆ ಒಗ್ಗುವ ಹಾಡು ಯಾವುದು?

ಪ್ರಶ್ನೆ: ನಾನು ತುಮಕೂರಿನ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಈ ಚಳಿಗಾಲದಲ್ಲಿ ನಾನು, ನನ್ನ ಪತಿ ಮತ್ತು ಅವರ ಗೆಳೆಯ ಪುಣೆಯ ಹತ್ತಿರ ನಡೆಯುವ ಮೂರು ದಿನಗಳ ಬಯಲು ಸಂಗೀತೋತ್ಸವಕ್ಕೆ ಟಿಕೆಟ್ ತೆಗೆದುಕೊಂಡಿದ್ದೇವೆ. ಇಂಥದ್ದಕ್ಕೆ ಹೋಗುವುದು ಇದೇ ಮೊದಲು. ಮೊನ್ನೆ ವೇಳಾಪಟ್ಟಿ ಬಂತು. ಅಂದಿನಿಂದ ಮನೆಯಲ್ಲಿ ಇದೇ ಚರ್ಚೆ. ಎರಡನೆಯ ದಿನ ಸಂಜೆ 7.30ರಿಂದ 8.45ರವರೆಗೆ ದೊಡ್ಡ ವೇದಿಕೆಯಲ್ಲಿ ಹೊರದೇಶದ ರಾಕ್ ತಂಡವಿದೆ. 8ರಿಂದ 8.50ರವರೆಗೆ ಸಣ್ಣ ವೇದಿಕೆಯಲ್ಲಿ ನಾನು ಓದುವ ದಿನಗಳಿಂದ ಕೇಳಿಕೊಂಡು ಬಂದ, ಆದರೆ ಒಮ್ಮೆಯೂ ಎದುರಿಗೆ ಕಾಣದ, ಬೆಂಗಳೂರಿನ ಮೂವರ ತಂಡವಿದೆ: ಒಂದು ಗಿಟಾರ್, ಒಂದು ಪಿಟೀಲು, ಒಂದು ದನಿ, ಅಷ್ಟೇ. ಮೂರನೆಯ ದಿನ ನಾಲ್ಕು ಗಂಟೆಗೆ ಒಂದು ಕಡೆ ತಮಟೆಯವರೂ ಇರುವ ತಾಳವಾದ್ಯ ತಂಡ, ಇನ್ನೊಂದು ಕಡೆ ಒಬ್ಬಳೇ ಗಿಟಾರ್ ಹಿಡಿದು ಹಾಡುವ ಗಾಯಕಿ. ‘ಅರ್ಧ ಇದು, ಅರ್ಧ ಅದು ನೋಡೋಣ’ ಎನ್ನುತ್ತಾರೆ ಪತಿ. ‘ಎರಡು ವೇದಿಕೆಗಳ ನಡುವೆ ನಿಂತರೆ ಎರಡೂ ಕೇಳುತ್ತವೆ’ ಎನ್ನುತ್ತಾರೆ ಗೆಳೆಯ. ಇಷ್ಟು ದುಡ್ಡು ಪಡೆದು ಹೀಗೆ ಒಂದರ ಮೇಲೊಂದು ಇಡುವುದು ಆಯೋಜಕರ ಮೋಸವಲ್ಲವೇ? ಇನ್ನೊಂದು ಮಾತು: ಕಳೆದ ಗಣೇಶೋತ್ಸವದ ರಸಮಂಜರಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಬಂದ ಮೇಲೆ ನನಗೆ ಎರಡು ದಿನ ಕಿವಿ ಗುಂಯ್‌ಗುಡುತ್ತಿತ್ತು. ಮೂರು ದಿನ ತಡೆದೀತೇ?

ಉತ್ತರ: ನೀವು ಎರಡೂ ತಂಡಗಳ ಹೆಸರು ಬರೆದಿದ್ದಿರಿ. ಅವನ್ನು ತೆಗೆದಿದ್ದೇನೆ. ಹೆಸರು ಇಟ್ಟರೆ ಓದುಗರು ಯಾವ ತಂಡ ದೊಡ್ಡದು ಎಂದು ಜಗಳಕ್ಕೆ ಕೂರುತ್ತಾರೆ, ನಿಮ್ಮ ಪ್ರಶ್ನೆ ಮೂಲೆಗೆ ಸೇರುತ್ತದೆ.

ನನ್ನ ಕಸುಬು ಧ್ವನಿ ವ್ಯವಸ್ಥೆ. ಗುಬ್ಬಿಯಲ್ಲಿ ನಮ್ಮ ತಂದೆ ಮೈಕ್‌ಸೆಟ್ ಅಂಗಡಿ ಇಟ್ಟಿದ್ದರು. ಹುಡುಗನಾಗಿದ್ದಾಗಲೇ ಹಾರ್ನ್‌ಗಳನ್ನು ಮರಕ್ಕೆ ಕಟ್ಟಲು ನನ್ನನ್ನು ಹತ್ತಿಸುತ್ತಿದ್ದರು. ಆಮೇಲೆ ಬೆಂಗಳೂರು, ಪುಣೆ, ಈಶಾನ್ಯ ಎಂದು ಸುತ್ತಿ, ಎಷ್ಟೋ ಉತ್ಸವಗಳಲ್ಲಿ ಎಲ್ಲ ಮೈಕುಗಳ ದನಿಯನ್ನು ಬೆರೆಸಿ ಹದ ಮಾಡುವ ಮಿಕ್ಸರ್ ಹಿಂದೆ ನಿಂತಿದ್ದೇನೆ. ನೀವು ಮೂರು ಪ್ರಶ್ನೆ ಕೇಳಿದ್ದರೂ ಮೂರರ ಬುಡದಲ್ಲಿರುವ ಆತಂಕ ಒಂದೇ: ದುಡ್ಡು ಕೊಟ್ಟು, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಹೋಗಿ, ಕೇಳಬೇಕಾದದ್ದನ್ನೇ ಕಳೆದುಕೊಂಡು ಬಂದರೆ? ಒಂದಿಷ್ಟು ಕಳೆದುಕೊಳ್ಳುವುದು ಖಂಡಿತ. ಯಾವುದನ್ನು ಬಿಟ್ಟರೆ ನಷ್ಟ ಕಡಿಮೆ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಮೊದಲು ಮೋಸದ ಮಾತು. ಭಿತ್ತಿಪತ್ರದಲ್ಲಿ ಹೆಸರು ಹೆಚ್ಚಿದಷ್ಟೂ ಟಿಕೆಟ್ ಹೆಚ್ಚು ಹೋಗುತ್ತದೆ ಎಂಬ ಲೆಕ್ಕ ಆಯೋಜಕರಿಗೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಒಂದರ ಮೇಲೊಂದು ಬೀಳುವುದಕ್ಕೆ ದೊಡ್ಡ ಕಾರಣ ಗಡಿಯಾರ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಸಂದರ್ಭಗಳಿಗೆ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ. ಹೀಗಾಗಿ 10ಕ್ಕೆ ಬಾಗಿಲು ಮುಚ್ಚುತ್ತದೆ ಎಂದೇ ಎಲ್ಲರೂ ಲೆಕ್ಕ ಹಾಕುತ್ತಾರೆ. ಮಧ್ಯಾಹ್ನ ಮೂರರ ಬಿಸಿಲಿಗೆ ಯಾವ ದೊಡ್ಡ ತಂಡವೂ ಒಪ್ಪುವುದಿಲ್ಲ, ಬೆಳಕಿನ ಆಟವೆಲ್ಲ ವ್ಯರ್ಥ. ಉಳಿಯುವುದು ಆರೂವರೆಯಿಂದ ಹತ್ತು. ಆ ಮೂರೂವರೆ ಗಂಟೆಯೊಳಗೆ ಎಲ್ಲ ದೊಡ್ಡ ಹೆಸರುಗಳನ್ನೂ ತುರುಕಬೇಕು. ಒಂದು ತಂಡದ ಸಾಮಾನು ಇಳಿಸಿ ಇನ್ನೊಂದರದ್ದನ್ನು ಏರಿಸಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಆ ಹೊತ್ತಿನಲ್ಲಿ ಜನ ಸುಮ್ಮನೆ ನಿಲ್ಲಬಾರದೆಂದು ಪಕ್ಕದ ವೇದಿಕೆಯಲ್ಲಿ ಇನ್ನೊಬ್ಬರು ಹಾಡುತ್ತಾರೆ.

ಇದಕ್ಕಿಂತ ಮುಖ್ಯವಾದ, ಆದರೆ ಯಾರೂ ಬಾಯಿಬಿಟ್ಟು ಹೇಳದ ಕಾರಣ ಇನ್ನೊಂದಿದೆ. ಜನರನ್ನು ಹಂಚುವುದು. ಇಡೀ ಮೈದಾನಕ್ಕೆ ಒಂದೇ ಹೊತ್ತಿನಲ್ಲಿ ಒಂದೇ ಆಕರ್ಷಣೆ ಇಟ್ಟರೆ ಇಡೀ ಮೈದಾನ ಒಂದೇ ಕಡೆ ನುಗ್ಗುತ್ತದೆ, ಮುಗಿದಾಗ ಒಂದೇ ಬಾಗಿಲಿಗೆ ನುಗ್ಗುತ್ತದೆ. 2000ನೇ ಇಸವಿಯಲ್ಲಿ ಡೆನ್ಮಾರ್ಕಿನ ರೊಸ್ಕಿಲ್ಡೆ ಉತ್ಸವದಲ್ಲಿ ದೊಡ್ಡ ವೇದಿಕೆಯ ಮುಂದಿನ ಒತ್ತಡಕ್ಕೆ ಸಿಕ್ಕಿ 9 ಮಂದಿ ಸತ್ತರು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತದ್ದನ್ನು ನಾವು ಮರೆತಿಲ್ಲ. ನಿಮಗೆ ಇಷ್ಟವಾದ ಎರಡು ತಂಡಗಳು ಒಂದೇ ಹೊತ್ತಿಗೆ ಬಂದಿವೆ ಎಂದು ಸಿಟ್ಟು ಬಂದಾಗ, ಅರ್ಧ ಜನ ಇನ್ನೊಂದು ಕಡೆ ಇದ್ದಾರೆ, ಅದರಿಂದಲೇ ನಿಮಗೆ ಉಸಿರಾಡಲು ಜಾಗ ಸಿಕ್ಕಿದೆ ಎಂದೂ ನೆನೆಯಿರಿ.

ಈಗ ಗೆಳೆಯರ ಉಪಾಯ. ನಡುವೆ ನಿಂತರೆ ಎರಡೂ ಕೇಳುತ್ತವೆ ಎಂಬುದು ನಿಜವೇ, ಆದರೆ ಬೇರೆ ಬೇರೆಯಾಗಿ ಕೇಳುವುದಿಲ್ಲ. ಗುಬ್ಬಿ ತಾಲ್ಲೂಕಿನ ಒಂದು ಜಾತ್ರೆಯಲ್ಲಿ ಆದದ್ದನ್ನು ಹೇಳುತ್ತೇನೆ. ಕೆರೆಯ ಈ ಬದಿಯಲ್ಲಿ ಊರವರ ಕುರುಕ್ಷೇತ್ರ ನಾಟಕ, ಮೈಕ್‌ಸೆಟ್ ನಮ್ಮದು. ಆ ಬದಿಯಲ್ಲಿ ಬೇರೆಯವರ ಮೈಕ್‌ಸೆಟ್, ಸಿನಿಮಾ ಹಾಡಿನ ಆರ್ಕೆಸ್ಟ್ರಾ. ನಮ್ಮ ತಂದೆಯೂ ಅವರೂ ಮಾತಾಡಿಕೊಂಡು ಹಾರ್ನ್‌ಗಳನ್ನು ಬೆನ್ನಿಗೆ ಬೆನ್ನು ಮಾಡಿ ಕಟ್ಟಿದ್ದರು. ಸಂಜೆ ಏಳಕ್ಕೆ ನಾನು ಓಡಿಹೋಗಿ ನಿಂತು ಕೇಳಿ ಬಂದು, ಏನೂ ತೊಂದರೆ ಇಲ್ಲ ಎಂದು ವರದಿ ಒಪ್ಪಿಸಿದ್ದೆ. ರಾತ್ರಿ ಹನ್ನೊಂದರ ಸುಮಾರಿಗೆ ದುರ್ಯೋಧನ ಗದೆ ಹಿಡಿದು ಬಂದು ಕಂದಪದ್ಯ ಎತ್ತಿಕೊಂಡ. ಅಷ್ಟರಲ್ಲಿ ಕೆರೆ ದಾಟಿ ಆರ್ಕೆಸ್ಟ್ರಾದ ತಾಳ ಬರತೊಡಗಿತ್ತು. ಮೊದಲು ಎಡವಿದವರು ಹಾರ್ಮೋನಿಯಂ ಮೇಷ್ಟ್ರು. ಅವರಿಗೆ ಅರಿವಿಲ್ಲದೆಯೇ ಬೆರಳುಗಳು ಆ ಕಡೆಯ ಶ್ರುತಿಗೆ ಸರಿದವು. ದುರ್ಯೋಧನ ಒಂದು ಕ್ಷಣ ತಡವರಿಸಿದ, ಗದೆಯನ್ನು ಹೆಗಲಿನಿಂದ ಇಳಿಸಿದ, ಮೇಷ್ಟ್ರ ಕಡೆ ತಿರುಗಿ ಬೈದ. ಆ ಬೈಗುಳ ಮಾತ್ರ ನಮ್ಮ ಮೈಕಿನಲ್ಲಿ ಊರಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು.

ಏಳಕ್ಕೆ ಕೇಳದ್ದು ಹನ್ನೊಂದಕ್ಕೆ ಯಾಕೆ ಕೇಳಿತು? ಯಾರೋ ವಾಲ್ಯೂಮ್ ಏರಿಸಿದರು ಎಂದು ನಮ್ಮವರು ಜಗಳಕ್ಕೆ ಹೋದರು. ಅವರು ಏರಿಸಿರಲಿಲ್ಲ. ಹಗಲು ನೆಲ ಕಾದಿರುತ್ತದೆ, ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಬಿಸಿ ಗಾಳಿಯಲ್ಲಿ ಶಬ್ದ ಬೇಗ ಓಡುವುದರಿಂದ ಅದರ ದಾರಿ ಮೇಲಕ್ಕೆ ಬಾಗಿ ಆಕಾಶಕ್ಕೆ ಹೋಗುತ್ತದೆ. ಕತ್ತಲಾಗಿ ನೆಲ ತಣಿದ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ: ಮೇಲೆ ಬಿಸಿ, ಕೆಳಗೆ ತಂಪು, ಶಬ್ದ ಕೆಳಕ್ಕೆ ಬಾಗಿ ದೂರದವರ ಕಿವಿಗೆ ಇಳಿಯುತ್ತದೆ. ಬೆಳಗಿನ ಜಾವ ಪಕ್ಕದೂರಿನ ದೇವಸ್ಥಾನದ ಸುಪ್ರಭಾತ ನಮ್ಮ ಹಾಸಿಗೆಯವರೆಗೆ ಬರುವುದೂ, ಮಧ್ಯಾಹ್ನ ಅದೇ ಹಾರ್ನ್ ಕೇಳದಿರುವುದೂ ಇದಕ್ಕೇ. ಗಾಳಿ ಬೀಸುವ ದಿಕ್ಕಿನಲ್ಲಿ ನಿಂತವರಿಗೂ ಹೀಗೆಯೇ ಶಬ್ದ ಬಾಗಿ ಬರುತ್ತದೆ.

ಚಳಿಗಾಲದ ಪುಣೆಯಲ್ಲಿ, ರಾತ್ರಿ ಎಂಟಕ್ಕೆ, ತಿಳಿ ಆಕಾಶದ ಕೆಳಗೆ ಆಗುವುದು ಇದೇ. ಮಧ್ಯಾಹ್ನ ಮೂರಕ್ಕೆ ಸಣ್ಣ ವೇದಿಕೆಯಲ್ಲಿ ನಿಂತು ಪರೀಕ್ಷಿಸಿದಾಗ ದೊಡ್ಡ ವೇದಿಕೆಯ ಸದ್ದು ತೊಂದರೆ ಕೊಟ್ಟಿರುವುದಿಲ್ಲ. ಎಂಟಕ್ಕೆ ಬರುತ್ತದೆ. ಬರುವುದರಲ್ಲೂ ಬೇಸ್ ಮತ್ತು ಡ್ರಮ್ಮಿನ ಕೆಳದನಿಯೇ ಹೆಚ್ಚು. ಮೇಲಿನ ಸ್ವರಗಳನ್ನು ಗಾಳಿ ಹೀರಿಕೊಳ್ಳುತ್ತದೆ, ಜನರ ಮೈ ಹೀರಿಕೊಳ್ಳುತ್ತದೆ, ಕೆಳದನಿ ಮಾತ್ರ ಡೇರೆ, ಮರ, ಗೋಡೆ ಎಲ್ಲವನ್ನೂ ಸುತ್ತಿಕೊಂಡು ಬರುತ್ತದೆ. ನಡುವೆ ನಿಂತ ನಿಮ್ಮ ಗೆಳೆಯರಿಗೆ ಒಂದು ತಂಡದ ಪದವೂ ಸರಿಯಾಗಿ ಕೇಳದೆ ಎರಡು ತಂಡಗಳ ಡುಬುಡುಬು ಸೇರಿ ಕೇಳುತ್ತದೆ. ಅದರ ಜೊತೆಗೆ, ಶಬ್ದ 100 ಮೀಟರ್ ದಾಟಲು ಹೆಚ್ಚುಕಡಿಮೆ 0.3 ಸೆಕೆಂಡ್ ಬೇಕು. ಉದ್ದನೆಯ ಮೆರವಣಿಗೆಯಲ್ಲಿ ಮುಂದಿನ ತಮಟೆಗೂ ಹಿಂದಿನ ತಮಟೆಗೂ ತಾಳ ಹರಿದುಹೋಗುವುದನ್ನು ನೀವು ಗಮನಿಸಿರಬಹುದು. ಎರಡು ವೇದಿಕೆಗಳ ನಡುವಿನ ಜಾಗ ತಿಂಡಿಯ ಸಾಲಿಗೆ ಒಳ್ಳೆಯದು, ಕೇಳುವುದಕ್ಕಲ್ಲ.

ಪತಿಯ ಸಲಹೆ ಇದಕ್ಕಿಂತ ಮೇಲು, ಆದರೂ ಅದರಲ್ಲಿ ಒಂದು ದೋಷವಿದೆ. ಅದನ್ನು ಹೇಳುವುದೆಂದರೆ ನಮ್ಮ ಕಸುಬಿನ ಗುಟ್ಟು ಬಿಟ್ಟುಕೊಟ್ಟ ಹಾಗೆ. ಸಭಾಂಗಣದ ಕಛೇರಿಗೆ ಮೊದಲೇ ಹೋಗಿ ಗಂಟೆಗಟ್ಟಲೆ ಧ್ವನಿ ಸರಿಮಾಡಿಕೊಳ್ಳುತ್ತೇವೆ. ಉತ್ಸವದಲ್ಲಿ ದಿನದ ಬಹುತೇಕ ತಂಡಗಳಿಗೆ ಆ ಸೌಭಾಗ್ಯ ಇಲ್ಲ. ಸಿಗುವುದು ಲೈನ್ ಚೆಕ್ ಮಾತ್ರ: ಒಂದೊಂದೇ ಮೈಕಿನಲ್ಲಿ ಸದ್ದು ಬರುತ್ತಿದೆಯೇ ಎಂದು ನೋಡುವುದು. ಪಿಟೀಲು ಎಷ್ಟು, ದನಿ ಎಷ್ಟು ಎಂಬ ಹದವನ್ನು ನಾವು ಕಂಡುಕೊಳ್ಳುವುದು ಮೊದಲ ಎರಡು ಹಾಡುಗಳ ಮೇಲೆ, ನಿಮ್ಮ ಎದುರಿಗೇ. ಈಗಿನ ಡಿಜಿಟಲ್ ಮಿಕ್ಸರ್‌ಗಳಲ್ಲಿ ದೊಡ್ಡ ತಂಡಗಳು ಹಿಂದಿನ ಊರಿನ ಹದವನ್ನೇ ಪೆನ್‌ಡ್ರೈವಿನಲ್ಲಿ ತರುತ್ತವೆ. ಆದರೂ ಬಯಲು ಬಯಲೇ, ಗಾಳಿ ಬೇರೆ. ಆದ್ದರಿಂದ ಪ್ರತಿ ತಂಡದ ಮೊದಲ ಇಪ್ಪತ್ತು ನಿಮಿಷ ಕೇಳಿ ಹೊರಟುಬಿಡುವವರು ಮೂರು ದಿನವೂ ನಮ್ಮ ತಪ್ಪುಗಳನ್ನೇ ಕೇಳಿಕೊಂಡು ಮನೆಗೆ ಹೋಗುತ್ತಾರೆ. ಅದರ ಮೇಲೆ ವೇದಿಕೆಯಿಂದ ವೇದಿಕೆಗೆ ಜನರ ನಡುವೆ ಹತ್ತು ಹನ್ನೆರಡು ನಿಮಿಷದ ನಡಿಗೆ, ಆಮೇಲೆ ಹಿಂದಿನ ಸಾಲಿನಲ್ಲಿ ಜಾಗ.

ಅರ್ಧ ಕೇಳಲೇಬಾರದು ಎಂದಲ್ಲ. ಚೆನ್ನೈನ ಡಿಸೆಂಬರ್ ಸಂಗೀತದ ಹಂಗಾಮಿನಲ್ಲಿ ಒಂದೇ ಸಂಜೆ ಹತ್ತಾರು ಸಭೆಗಳಲ್ಲಿ ಕಛೇರಿ ಇರುತ್ತದೆ. ಅಲ್ಲಿನ ರಸಿಕರು ತಲೆಮಾರುಗಳಿಂದ ಇದನ್ನು ನಿಭಾಯಿಸುತ್ತಿದ್ದಾರೆ. ಕಛೇರಿಯ ನಡುವೆ ಮೃದಂಗದವರು ಒಂಟಿಯಾಗಿ ನುಡಿಸುವ ತನಿ ಆವರ್ತನ ಬಂದೊಡನೆ ಎದ್ದು ಕ್ಯಾಂಟೀನಿಗೋ ಮುಂದಿನ ಸಭೆಗೋ ಹೊರಡುವುದು ಅವರ ಹಳೆಯ ಚಾಳಿ. ಮೃದಂಗದವರಿಗೆ ಅದರ ಬಗ್ಗೆ ಹಳೆಯ ಸಿಟ್ಟೂ ಇದೆ. ನಿಮಗೆ ಅಷ್ಟೇನೂ ಮೋಹವಿಲ್ಲದ, ಕುತೂಹಲ ಮಾತ್ರ ಇರುವ ತಂಡವಾದರೆ ಕೊನೆಯ ಅರ್ಧಕ್ಕೆ ಹೋಗಿ. ಅಷ್ಟು ಹೊತ್ತಿಗೆ ಹದ ಕೂತಿರುತ್ತದೆ, ಜನಪ್ರಿಯ ಹಾಡುಗಳೂ ಸಾಮಾನ್ಯವಾಗಿ ಕೊನೆಗೇ ಬರುತ್ತವೆ. ಆದರೆ ನಿಮ್ಮ ಎರಡನೆಯ ದಿನಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಮೂವರ ತಂಡದ ಐವತ್ತು ನಿಮಿಷದಲ್ಲಿ ಬಹುಪಾಲು ದೊಡ್ಡ ವೇದಿಕೆಯ ಹೊತ್ತಿನ ಒಳಗೇ ಕೂತಿದೆ. ಯಾವ ಕಡೆಯಿಂದ ಕತ್ತರಿಸಿದರೂ ಎರಡೂ ತುಂಡಾಗುತ್ತವೆ.

ಹಾಗಾದರೆ ಯಾವುದು? ಇಲ್ಲಿ ಹೆಚ್ಚಿನವರು ‘ಮತ್ತೆ ಸಿಗದ್ದನ್ನು ನೋಡಿ’ ಎನ್ನುತ್ತಾರೆ. ಅದೂ ಒಂದು ಲೆಕ್ಕವೇ. ನಾನು ಅದಕ್ಕಿಂತ ಮೊದಲು ಇನ್ನೊಂದನ್ನು ಕೇಳುತ್ತೇನೆ: ಆ ಸಂಗೀತ ಬಯಲಿನದೋ, ಒಳಮನೆಯದೋ?

ಇದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಓಲಗದವರನ್ನು ನಡುಮನೆಯಲ್ಲಿ ಕೂರಿಸಿದರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ವೀಣೆಯನ್ನು ತೇರಿನ ಬೀದಿಯಲ್ಲಿ ಇಟ್ಟರೆ ವೀಣೆಯೇ ಕೇಳಿಸುವುದಿಲ್ಲ. ನಾಗಸ್ವರ, ಡೊಳ್ಳು, ತಮಟೆ ಹುಟ್ಟಿದ್ದೇ ಗೋಡೆಯಿಲ್ಲದ ಜಾಗಕ್ಕೆ. ಬಯಲಿನಲ್ಲಿ ದನಿಯನ್ನು ಹಿಂದಿರುಗಿಸಿ ಕೊಡುವ ಗೋಡೆ ಇಲ್ಲ, ಚಾವಣಿ ಇಲ್ಲ. ಒಂದೇ ಜಾಗದಿಂದ ಹೊರಟ ಸದ್ದು ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಇಳಿಯುತ್ತದೆ. ಸಭಾಂಗಣದಲ್ಲಿ ಪಿಟೀಲಿನ ಬಿಲ್ಲು ತಂತಿಯಿಂದ ಎದ್ದ ಮೇಲೂ ಉಳಿಯುವ ಆ ಒಂದು ಎಳೆ ಬಯಲಿನಲ್ಲಿ ಹುಟ್ಟಿದಲ್ಲೇ ಕರಗುತ್ತದೆ. ನಾವು ಯಂತ್ರದಿಂದ ಕೃತಕ ಪ್ರತಿಧ್ವನಿ ಸೇರಿಸುತ್ತೇವೆ. ಅದು ಹಾಲಿಗೆ ಹಾಲಿನ ಪುಡಿ ಬೆರೆಸಿದ ಹಾಗೆ: ಕೆಲಸ ನಡೆಯುತ್ತದೆ, ನಾಲಿಗೆಗೆ ಗೊತ್ತಾಗುತ್ತದೆ.

ನಿಮ್ಮ ಮೂವರ ತಂಡ ವೀಣೆಯ ಜಾತಿಯದು. ಮೌನವೂ ಅವರ ಹಾಡಿನ ಭಾಗ. ರಾತ್ರಿ ಎಂಟಕ್ಕೆ, ದೊಡ್ಡ ವೇದಿಕೆಯ ಬೇಸ್ ಹರಿದುಬರುವ ಹೊತ್ತಿನಲ್ಲಿ, ಆ ಮೌನಗಳಲ್ಲೆಲ್ಲ ಬೇರೆಯವರ ಡ್ರಮ್ ತುಂಬಿಕೊಳ್ಳುತ್ತದೆ. ಹೊರದೇಶದ ತಂಡ ಓಲಗದ ಜಾತಿಯದು. ಅವರ ಹಾಡು, ಬೆಳಕು, ಶಬ್ದದ ಪ್ರಮಾಣ ಎಲ್ಲವೂ ಸಾವಿರಾರು ಜನ ನಿಂತ ಮೈದಾನಕ್ಕೆಂದೇ ಹೊಲಿದ ಅಂಗಿ. ಸಭಾಂಗಣದಲ್ಲಿ ಅವರನ್ನು ಕೇಳಿದರೆ ಅರ್ಧ ಸಿಕ್ಕೀತು. ಹೀಗಾಗಿ ನನ್ನ ಸಲಹೆ: ಹೊರದೇಶದ ತಂಡವನ್ನು ಮೊದಲಿನಿಂದ ಕೊನೆಯವರೆಗೆ ಪೂರ್ತಿ ಕೇಳಿ, ಮೂವರ ತಂಡವನ್ನು ಅಂದು ಬಿಟ್ಟುಬಿಡಿ. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಂಥ ಸಭಾಂಗಣಗಳಲ್ಲಿ ಇಂಥ ತಂಡಗಳು ಹಾಡುತ್ತಲೇ ಇರುತ್ತವೆ. ಸಂಜೆಯ ರೈಲಿಗೆ ಹೋಗಿ, ಮೂರನೆಯ ಸಾಲಿನಲ್ಲಿ ಕೂತು ಕೇಳಿ. ಮೊದಲ ಸಲ ಕೇಳುವುದೇ ಆದರೆ ಅಲ್ಲಿ ಕೇಳಬೇಕು.

ಮನಸ್ಸು ಒಪ್ಪದಿದ್ದರೆ? ಇಷ್ಟು ವರ್ಷದ ಪ್ರೀತಿಗೆ ಶಬ್ದಶಾಸ್ತ್ರ ಉತ್ತರವಲ್ಲ ಎಂದು ನನಗೂ ಗೊತ್ತು. ಆಗ ಹೊರದೇಶದವರ ಕಡೆ ತಲೆಯನ್ನೂ ಹಾಕಬೇಡಿ. 7.40ಕ್ಕೇ ಸಣ್ಣ ವೇದಿಕೆಗೆ ಹೋಗಿ, ನಟ್ಟನಡುವೆ, ವೇದಿಕೆಯಿಂದ ಹತ್ತು ಹದಿನೈದು ಮೀಟರ್ ಒಳಗೆ ನಿಲ್ಲಿ. ಹತ್ತಿರವಿದ್ದಷ್ಟೂ ಅವರ ಸದ್ದು ಆ ಕಡೆಯ ಸದ್ದನ್ನು ಮುಚ್ಚುತ್ತದೆ. ಒಂದೆರಡು ನಿಧಾನದ ಹಾಡುಗಳು ಹಾಳಾಗುತ್ತವೆ ಎಂದು ಮೊದಲೇ ಒಪ್ಪಿಕೊಂಡು ನಿಂತರೆ ಅಷ್ಟು ಬೇಸರವಾಗುವುದಿಲ್ಲ.

ಮೂರನೆಯ ದಿನದ ಪ್ರಶ್ನೆ ಸುಲಭ. ತಮಟೆಗೆ ಹೋಗಿ, ಎರಡನೆಯ ಯೋಚನೆ ಬೇಡ. ತಮಟೆ ನಮಗೆ ಹೊಸದೇ, ಊರಲ್ಲಿ ಕೇಳಿದ್ದೇ ತಾನೇ ಎನ್ನಬೇಡಿ. ಸಾವಿಗೂ ಜಾತ್ರೆಗೂ ಬಡಿಯುವ ವಾದ್ಯ ಎಂದು ನಮ್ಮವರು ಬಾಗಿಲ ಹೊರಗೇ ನಿಲ್ಲಿಸಿದ್ದ ಈ ಕಲೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ಮೂಲಕ ಪದ್ಮಶ್ರೀ ಬಂದದ್ದು 2023ರಲ್ಲಿ. ಸ್ವಲ್ಪ ಬೇಗ ಹೋದರೆ ವೇದಿಕೆಯ ಹಿಂಬದಿಯಲ್ಲಿ ಅವರು ಕಾಗದ, ಹುಲ್ಲು ಉರಿಸಿ ತಮಟೆಯ ಚರ್ಮವನ್ನು ಕಾಯಿಸುವುದು ಕಾಣಬಹುದು. ಬೆಂಕಿಗೆ ಹಿಡಿದು, ತಿರುಗಿಸಿ, ಬೆರಳ ತುದಿಯಲ್ಲಿ ಒಮ್ಮೆ ತಟ್ಟಿ, ಕಿವಿಗೊಟ್ಟು, ಮತ್ತೆ ಬೆಂಕಿಗೆ. ತೇವ ಹಿಡಿದ ಚರ್ಮ ಸಡಿಲಾಗಿ ದಪ್ಪ ದನಿ ಕೊಡುತ್ತದೆ, ಕಾದರೆ ಬಿಗಿಯಾಗಿ ಚುರುಕಾಗುತ್ತದೆ. ನಾಲ್ಕರ ಬಿಸಿಲು ಆ ವಾದ್ಯಕ್ಕೆ ಹಬ್ಬ. ಬೆಂಕಿ ಹಾಕಬೇಡಿ ಎಂದು ಸುರಕ್ಷತಾ ಸಿಬ್ಬಂದಿ ಬಂದು ನಿಂತಾಗ ನಾನೇ ನಡುವೆ ಹೋಗಿ ಮರಳಿನ ಬಕೆಟ್ ತರಿಸಿ ಒಪ್ಪಿಸಿದ್ದೂ ಉಂಟು. ಅದಿಲ್ಲದಿದ್ದರೆ ಕಛೇರಿಯೇ ಇಲ್ಲ. ಆ ಗಾಯಕಿಯನ್ನು ಮನೆಯಲ್ಲಿ ಒಳ್ಳೆಯ ಇಯರ್‌ಫೋನಿನಲ್ಲಿ ಕೇಳಿದರೆ ಹೆಚ್ಚೇನೂ ನಷ್ಟವಿಲ್ಲ. ತಮಟೆಯನ್ನು ಯಾವ ಇಯರ್‌ಫೋನೂ ಎದೆಗೆ ಬಡಿಯಲಾರದು.

ಇಷ್ಟೆಲ್ಲ ಯೋಚಿಸಿ ಹೋದ ಮೇಲೆ ವೇಳಾಪಟ್ಟಿಯೇ ಜಾರಬಹುದು. ಮಳೆ, ಜನರೇಟರ್, ವಿಮಾನ ತಡ, ಯಾವುದೂ ಆಗಬಹುದು. 1969ರಲ್ಲಿ ಅಮೆರಿಕದ ವುಡ್‌ಸ್ಟಾಕ್ ಉತ್ಸವದಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಭಾನುವಾರ ರಾತ್ರಿ ಉತ್ಸವವನ್ನು ಮುಗಿಸಬೇಕಿತ್ತು, ವೇದಿಕೆಗೆ ಬಂದದ್ದು ಸೋಮವಾರ ಬೆಳಿಗ್ಗೆ. ಅಷ್ಟರಲ್ಲಿ ಬಹುಪಾಲು ಜನ ಊರಿಗೆ ಹೊರಟುಬಿಟ್ಟಿದ್ದರು. ನಮ್ಮಲ್ಲಿ ಹತ್ತು ಗಂಟೆಯ ಗೆರೆ ಇರುವುದರಿಂದ ಅಷ್ಟು ಜಾರುವುದಿಲ್ಲ, ಬದಲಿಗೆ ಕೊನೆಯ ತಂಡದ ಹಾಡುಗಳು ಕಡಿಮೆಯಾಗುತ್ತವೆ. ಅಂದಂದಿನ ಬೆಳಿಗ್ಗೆ ಆಯೋಜಕರ ಹೊಸ ಪಟ್ಟಿ ನೋಡಿಕೊಳ್ಳಿ. ದಿನಕ್ಕೆ ಎರಡು ತಂಡ ಮಾತ್ರ ‘ಬಿಡುವಂತಿಲ್ಲ’ ಎಂದು ಗುರುತು ಹಾಕಿ. ಮೂರಕ್ಕೆ ಏರಿದರೆ ಊಟ ಹೋಗುತ್ತದೆ, ನಾಲ್ಕಕ್ಕೆ ಏರಿದರೆ ಕಾಲು ಹೋಗುತ್ತದೆ. ಒಂದು ಹೊತ್ತನ್ನು ಹೆಸರೇ ಕೇಳದವರಿಗೆ ಬಿಡಿ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ನೂರಕ್ಕೂ ಹೆಚ್ಚು ವೇದಿಕೆಗಳಿರುತ್ತವೆ. 2011ರಲ್ಲಿ ರಘು ದೀಕ್ಷಿತ್ ತಂಡ ಅಲ್ಲಿ ಹಾಡಿದಾಗ ಎದುರಿಗೆ ನಿಂತವರಲ್ಲಿ ಎಷ್ಟು ಜನ ಆ ಹೆಸರನ್ನು ಮೊದಲೇ ಕೇಳಿದ್ದರು?

ಎಲ್ಲಿ ನಿಲ್ಲಬೇಕು ಎಂಬುದನ್ನು ನೀವು ಕೇಳಿಲ್ಲ, ಆದರೆ ಯಾವ ತಂಡ ಎಂಬುದರಷ್ಟೇ ಅದೂ ಮುಖ್ಯ. ಕಂಬಿಗೆ ಒರಗಿ ಮುಂದೆ ನಿಂತರೆ ಸಂಗೀತ ಚೆನ್ನಾಗಿ ಕೇಳುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಅಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ. ದನಿಯ ಸ್ಪೀಕರ್‌ಗಳು ಎತ್ತರದಲ್ಲಿ ತೂಗುತ್ತಿರುತ್ತವೆ, ಅವುಗಳ ಮುಖ ದೂರದವರ ಕಡೆಗೆ. ನೆಲದ ಮೇಲೆ, ನಿಮ್ಮ ಮೊಣಕಾಲಿನ ಎದುರಿಗೆ ಇರುವುದು ಬೇಸ್ ಪೆಟ್ಟಿಗೆಗಳು. ಗಣೇಶೋತ್ಸವದಲ್ಲಿ ನಿಮ್ಮ ಕಿವಿಗೆ ಆದದ್ದೂ ಸ್ಪೀಕರ್‌ಗಳಿಗೆ ಅಷ್ಟು ಹತ್ತಿರ ಕೂತದ್ದರಿಂದಲೇ ಇರಬಹುದು. ಮೈದಾನದ ನಡುವೆ, ವೇದಿಕೆಯಿಂದ ಸುಮಾರು ಮೂವತ್ತು ಮೀಟರ್ ಹಿಂದೆ, ಟಾರ್ಪಾಲಿನ್ ಹೊದಿಸಿದ ಒಂದು ಅಟ್ಟಣೆ ಇರುತ್ತದೆ. ಅದರೊಳಗೆ ಮಿಕ್ಸರ್, ಅದರ ಹಿಂದೆ ನನ್ನಂಥವನೊಬ್ಬ. ಅದರ ಮುಂದೆಯೋ ಪಕ್ಕದಲ್ಲೋ ನಿಲ್ಲಿ. ನಾವು ಹದ ಮಾಡುವುದು ಆ ಜಾಗದಲ್ಲಿ ನಮ್ಮ ಕಿವಿಗೆ ಕೇಳುವುದನ್ನು ನೋಡಿಕೊಂಡೇ. ಜನದಟ್ಟಣೆಯೂ ಅಲ್ಲಿ ಕಡಿಮೆ, ಹೊರಬರಲು ದಾರಿಯೂ ಇರುತ್ತದೆ. ಎದೆಯ ಮುಂದೆ ಕೈ ಎತ್ತಿ ಮಡಚಲು ಆಗದಷ್ಟು ಜನ ಒತ್ತಿದರೆ ಯಾವ ಹಾಡು ನಡೆಯುತ್ತಿದ್ದರೂ ಓರೆಯಾಗಿ ಅಂಚಿನ ಕಡೆಗೆ ಸರಿದುಬಿಡಿ. ಜನರ ಅಲೆಗೆ ಎದುರು ನೂಕಬೇಡಿ.

ಪತಿಗೂ ನಿಮಗೂ ಬೇರೆ ಬೇರೆ ತಂಡ ಬೇಕಾದರೆ ಬೇರೆ ಬೇರೆ ಹೋಗಿ, ಅದರಲ್ಲಿ ತಪ್ಪೇನಿಲ್ಲ. ಒಬ್ಬರ ಮುಖ ನೋಡಿಕೊಂಡು ಇನ್ನೊಬ್ಬರು ಒಂದೂಕಾಲು ಗಂಟೆ ನಿಂತರೆ ಆಮೇಲಿನ ಬಸ್ ಪ್ರಯಾಣ ಉದ್ದವಾಗುತ್ತದೆ. ಅಷ್ಟು ಜನ ಸೇರಿದ ಕಡೆ ಮೊಬೈಲ್ ಜಾಲ ಕೈಕೊಡುತ್ತದೆ. ‘ವೇದಿಕೆಯ ಹತ್ತಿರ ಸಿಗೋಣ’ ಎಂಬ ಮಾತಿಗೆ ಅರ್ಥವಿಲ್ಲ. ‘9.15ಕ್ಕೆ, ಕುಡಿಯುವ ನೀರಿನ ಎರಡನೆಯ ನಲ್ಲಿಯ ಬಳಿ’ ಎಂಬುದಕ್ಕೆ ಅರ್ಥವಿದೆ.

ಕೊನೆಗೆ ಕಿವಿ. ಇಲ್ಲಿ ನಾನು ಸ್ವಲ್ಪ ಕಟುವಾಗಿ ಹೇಳಬೇಕಾಗುತ್ತದೆ. ಕಿವಿ ಗುಂಯ್‌ಗುಡುವುದು ‘ಸಹಜ, ಹೋಗುತ್ತದೆ’ ಎಂಬ ಮಾತನ್ನು ನಮ್ಮ ಕಸುಬಿನವರೇ ಹೆಚ್ಚು ಹರಡಿದ್ದೇವೆ. ಅದು ಒಳಗಿವಿಯ ಸೂಕ್ಷ್ಮ ಕೋಶಗಳಿಗೆ ಪೆಟ್ಟು ಬಿದ್ದ ಗುರುತು. ಸದ್ದು ನಿಂತರೂ ಪೆಟ್ಟು ಪೂರ್ತಿ ಮಾಯುತ್ತದೆ ಎಂದಲ್ಲ, ಸತ್ತ ಕೋಶ ಮತ್ತೆ ಹುಟ್ಟುವುದೂ ಇಲ್ಲ. ನನ್ನ ಎಡಗಿವಿಗೆ ಈಗ ಜೀರುಂಡೆಯ ಸದ್ದು ಕೇಳಿಸುವುದಿಲ್ಲ. ಮಳೆಗಾಲದ ರಾತ್ರಿ ತೋಟದ ಮನೆಯಲ್ಲಿ ಮಲಗಿ ಬಲಗಿವಿಯನ್ನು ದಿಂಬಿಗೆ ಒತ್ತಿದರೆ ಇಡೀ ತೋಟ ನಿಶ್ಶಬ್ದ. ವೈದ್ಯರು ತೋರಿಸಿದ ನಕ್ಷೆಯಲ್ಲಿ ಎಲ್ಲ ಕಡೆ ಸಮವಾಗಿದ್ದ ಗೆರೆ 4000 ಹರ್ಟ್ಸ್ ಎಂಬ ಮೇಲಿನ ಸ್ವರದ ಹತ್ತಿರ ಹಳ್ಳಕ್ಕೆ ಇಳಿದಿತ್ತು. ಶಬ್ದದಿಂದ ಕೆಟ್ಟ ಕಿವಿಗೆ ಅದೇ ಗುರುತಂತೆ.

ಲೆಕ್ಕ ಹೀಗಿದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಮೇಲಕ್ಕೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬಲ್ ಮುಟ್ಟುವ ಹೊತ್ತಿಗೆ ಉಳಿಯುವುದು 15 ನಿಮಿಷ. ಸಂಗೀತದ ಜಾಗಗಳಲ್ಲಿ 15 ನಿಮಿಷದ ಸರಾಸರಿ 100 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಎಲ್ಲ ಮೈದಾನಗಳೂ ಅದನ್ನು ಪಾಲಿಸುತ್ತವೆ ಎಂದು ನಂಬಿ ಹೋಗಬೇಡಿ. ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಕಿವಿಬಿರಡೆ ಅಗ್ಗ, ಕಿವಿಯನ್ನು ಕಾಯುತ್ತದೆ, ಆದರೆ ಮೇಲಿನ ಸ್ವರಗಳನ್ನೇ ಹೆಚ್ಚು ಕತ್ತರಿಸಿ ಹಾಡನ್ನು ಕಂಬಳಿಯೊಳಗೆ ಹಾಕಿದಂತೆ ಮಾಡುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಸಿಲಿಕಾನ್ ಬಿರಡೆಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮವಾಗಿ ಇಳಿಸುತ್ತವೆ. ಅವನ್ನೇ ಈಗಲೇ ತರಿಸಿ, ಮನೆಯಲ್ಲಿ ಎರಡು ಸಂಜೆ ಹಾಕಿಕೊಂಡು ಅಭ್ಯಾಸ ಮಾಡಿ. ಹತ್ತಿ ಉಂಡೆ ಏನೂ ಕೆಲಸ ಮಾಡುವುದಿಲ್ಲ. ಎರಡು ತಂಡಗಳ ನಡುವೆ ಅರ್ಧ ಗಂಟೆಯಾದರೂ ಸದ್ದಿನಿಂದ ದೂರ ಹೋಗಿ ಕೂರಿ. ನಿಮಗೆ ಒಮ್ಮೆ ಎರಡು ದಿನ ಗುಂಯ್‌ಗುಟ್ಟಿದೆ ಎಂದ ಮೇಲೆ, ಹೊರಡುವ ಮೊದಲೇ ಕಿವಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಮುಂದೆ ಹೋಲಿಸಲು ಒಂದು ನಕ್ಷೆ ಕೈಯಲ್ಲಿರುತ್ತದೆ.

ಹಿಂದಿರುಗುವ ಬಸ್ಸು ಕ್ಯಾತ್ಸಂದ್ರದಲ್ಲಿ ನಿಮ್ಮನ್ನು ಇಳಿಸುವಾಗ ಬೆಳಗಾಗಿರುತ್ತದೆ, ತಟ್ಟೆ ಇಡ್ಲಿಯ ಹಬೆ ಏಳುತ್ತಿರುತ್ತದೆ. ಕೂತು ತಿನ್ನುವಾಗ ಒಂದೊಂದೇ ಕಿವಿ ಮುಚ್ಚಿ ಹೋಟೆಲಿನ ಸದ್ದನ್ನು ಕೇಳಿ ನೋಡಿ. ಎರಡರಲ್ಲೂ ಸಮವಾಗಿ, ಸ್ವಲ್ಪ ಗುಂಯ್ ಎಂದರೆ ಒಂದು ದಿನ ಮೌನವಾಗಿರಿ, ಇಯರ್‌ಫೋನ್ ಮುಟ್ಟಬೇಡಿ. ಎರಡು ದಿನಕ್ಕೂ ಹೋಗದಿದ್ದರೆ ವೈದ್ಯರ ಬಳಿ ಹೋಗಿ. ಒಂದೇ ಕಿವಿ ದಿಢೀರನೆ ಮಂದವಾಗಿದ್ದರೆ ಮಾತ್ರ ಎರಡು ದಿನ ಕಾಯಬೇಡಿ. ಇಡ್ಲಿ ಮುಗಿಸಿ ಮನೆಗೆ ಹೋಗದೆ ನೇರವಾಗಿ ಕಿವಿ, ಮೂಗು, ಗಂಟಲು ತಜ್ಞರಲ್ಲಿಗೆ ಹೋಗಿ. ಅದಕ್ಕೆ ಔಷಧಿ ಇದೆ, ಆದರೆ ಮೊದಲ ಕೆಲವು ದಿನಗಳಲ್ಲಿ ಕೊಟ್ಟರಷ್ಟೇ ಅದರಿಂದ ಹೆಚ್ಚು ಉಪಯೋಗ.